ಎಲೋಯ್ ಕೊಟ್ಟ ಮಜ್ಜೆ

ರಕ್ತ ಹುಟ್ಟದ ಕಾಯಿಲೆಯಿದ್ದ ತಂಗಿಗೆ ಮೂಳೆಮಜ್ಜೆ ಕೊಡುವ ಹಿಂದಿನ ವಾರ ಎಲೋಯ್ ಕುಡಿದಿದ್ದ. ಒಂದು ತೊಟ್ಟೂ ಮುಟ್ಟುವುದಿಲ್ಲವೆಂದು ಡಾಕ್ಟರಿಗೂ ತಂಗಿ ಸೆನೋಬಿಯಾಳಿಗೂ ಮಾತು ಕೊಟ್ಟವನು. ಆದರೆ ಕೊಚಬಾಂಬಾದಲ್ಲಿ ಗೆಳೆಯನ ಹೊಸ ಲಾರಿಯ ಪೂಜೆಗೆ ಹೋಗಿ ಒಣಬಾಯಲ್ಲಿ ಮರಳಲು ಯಾರಿಂದ ಸಾಧ್ಯ? ಗೆಳೆಯ ಫೋರ್ತುನಾತೊ ಗಾಲಿಗಳಿಗೆ ಮೆಕ್ಕೆಜೋಳದ ಹೆಂಡ ಚಿಚಾ ಸುರಿದು, ಭೂಮಿತಾಯಿ ಪಾಚಮಾಮಾಳಿಗೂ ಒಂದಿಷ್ಟು ಚೆಲ್ಲಿ, ತುಂಬಿದ ಸೋರೆಬುರುಡೆಯನ್ನು ಇವನ ಮೂಗಿಗೇ ಹಿಡಿದಿದ್ದ.

"ಯಾಕೋ ಕುಡಿಯಲ್ಲ, ನನ್ ಲಾರಿ ಪಲ್ಟಿ ಹೊಡೀಲಿ ಅಂತಾನಾ?"

ಸುತ್ತ ನಿಂತವರೆಲ್ಲ ನಕ್ಕರು. ಎಲೋಯ್ ಕುಡಿದ. ಒಂದಕ್ಕೇ ನಿಲ್ಲಿಸಿದನೇ? ಅದನ್ನು ಕೇಳಬೇಡಿ.

ಮಜ್ಜೆ ಕೊಟ್ಟು ತಿಂಗಳುಗಳಾದರೂ ಸೆನೋಬಿಯಾಳ ರಕ್ತ ಏರಲಿಲ್ಲ. ತುಟಿ ಬಿಳಿಚಿಕೊಂಡೇ ಇತ್ತು. ಎಲೋಯ್‌ಗೆ ಅನುಮಾನವೇ ಉಳಿಯಲಿಲ್ಲ. ಹೆಂಡದಲ್ಲಿ ನೆನೆದ ಮಜ್ಜೆ ಎಲ್ಲಿ ಚಿಗುರೀತು! ನಾಚಿಕೆಯಿಂದ ಅವಳಿಗೆ ಮುಖ ತೋರಿಸಲಾಗದೆ ಭಾನುವಾರದ ಊಟಕ್ಕೆ ಹೋಗುವುದನ್ನೂ ಬಿಟ್ಟ. "ಕಡಲೆಕಾಯಿ ಸೂಪು ಮಾಡಿದೀನಿ, ಬಾರೋ ಅಣ್ಣಾ" ಎಂದು ಅವಳು ಕರೆದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಿದ್ದ.

ಮೂಳೆ ಪರೀಕ್ಷೆಯ ಫಲಿತಾಂಶ ಹೇಳಲು ಡಾಕ್ಟರ್ ಉರ್ಕಿದಿ ಇಬ್ಬರನ್ನೂ ಕರೆಸಿದಾಗ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಟೋಪಿ ಹಿಸುಕುತ್ತ, ಕೊನೆಗೂ ಬಾಯಿಬಿಟ್ಟ.

"ಡಾಕ್ಟ್ರೇ, ನಾನು ಕುಡ್ದಿದ್ದೆ. ಅದಕ್ಕೇ ಅಲ್ವಾ ಮಜ್ಜೆ ಹಿಡೀದೆ ಹೋಗಿದ್ದು?"

"ಕುಡೀಬಾರ್ದಿತ್ತು. ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದರು ಆಕೆ. "ನಿಮ್ಮ ಕಣಗಳು ಚೆನ್ನಾಗೇ ಇವೆ. ಆದ್ರೆ ರಕ್ತ ಹುಟ್ಟಿಸೋ ಕಣ ಒಂಟಿಯಾಗಿ ಬಾಳಲ್ಲ. ಮೂಳೆ ಒಳಗೆ ಅದರ ಸುತ್ತ ಆಸರೆ ಕಣಗಳು ಇರ್ತವೆ. ಜಾಗ ಕೊಡೋದು, ಪೋಷಿಸೋದು, ಈಗ ಬೆಳಿ, ಈಗ ಸುಮ್ನಿರು ಅಂತ ಹೇಳೋದು ಎಲ್ಲ ಅವೇ. ಸೆನೋಬಿಯಾ ಮೂಳೇಲಿ ಅವೇ ಹಾಳಾಗಿವೆ. ಬಂದೋರನ್ನ ನೋಡ್ಕೊಳ್ಳೋರೇ ಇಲ್ಲ."

"ಅಂದ್ರೆ ನಂದೇನೂ ತಪ್ಪಿಲ್ಲ!" ಎಲೋಯ್ ಎದ್ದೇ ನಿಂತ. ಎದೆಯ ಭಾರ ಇಳಿದ ಖುಷಿಗೆ ಜೋರಾಗಿ ನಕ್ಕೇಬಿಟ್ಟ. "ಅಯ್ಯೋ ದೇವ್ರೇ, ನಂದಲ್ಲ!"

ಆಮೇಲೆ ಪಕ್ಕಕ್ಕೆ ನೋಡಿದ. ಸೆನೋಬಿಯಾ ಶಾಲನ್ನು ಮಂಡಿಯ ಮೇಲೆ ಎಳೆದುಕೊಳ್ಳುತ್ತಿದ್ದಳು.

"ಇಲ್ಲ ಅಣ್ಣಾ, ನಿಂದಲ್ಲ," ಎಂದಳು. "ನನ್ ಮೂಳೆದು." ಮತ್ತೆ ಡಾಕ್ಟರ ಕಡೆ ತಿರುಗಿದಳು. "ಹಾಗಾದ್ರೆ ಇನ್ಯಾರು ಕೊಟ್ರೂ ಹಿಡಿಯಲ್ವಾ?"

ಡಾಕ್ಟರು ಪರೀಕ್ಷೆಯ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. ನಕ್ಕ ಬಾಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ ಎಲೋಯ್ ನಿಂತೇ ಇದ್ದ. ಅವಳ ಪಕ್ಕ ಕುಳಿತುಕೊಳ್ಳಲೂ ಅವನಿಗೆ ನಾಚಿಕೆಯಾಯಿತು.