ಇಬ್ಬರಿಗೊಂದು ಪರದೆ

ಹಳೇ ಫೋಟೊಗಳಿಗೆ ಬಣ್ಣ ಮರಳಿಸುವ ಹೆಂಗಸೊಬ್ಬಳಿದ್ದಳು. ಬೀದಿಯವರೆಲ್ಲ ಅವಳನ್ನು ಬಣ್ಣದಕ್ಕ ಅಂತಲೇ ಕರೆದು ಕರೆದು, ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಡೆದು ಓಗೊಡುತ್ತಿದ್ದಳು. ಮಡಚಿಟ್ಟು ಗೆರೆ ಬಿದ್ದ ಫೋಟೊ, ನೀರು ಕುಡಿದು ಉಬ್ಬಿದ್ದು, ಆಲ್ಬಮ್ಮಿನ ಹಾಳೆಗೆ ಅಂಟಿಕೊಂಡು ಅರ್ಧ ಮುಖ ಕಳಕೊಂಡದ್ದು, ಎಲ್ಲವೂ ಸ್ಟುಡಿಯೊದಿಂದ ಅವಳ ಕಂಪ್ಯೂಟರಿಗೆ ಬರುತ್ತಿದ್ದವು. ಅವಳು ಮನೆಯಲ್ಲೇ ಕೂತು ತಿದ್ದಿ ಕಳಿಸಿದರೆ ಸ್ಟುಡಿಯೊದವನು ಪ್ರಿಂಟ್ ತೆಗೆದು ಗಿರಾಕಿಗೆ ಕೊಡುತ್ತಿದ್ದ.

ಹೀಗಿರಲು ಒಂದು ದಿನ ಅವಳ ಮಾನಿಟರ್ ಎರಡು ಸಲ ಮಿಣುಕಿ ಶಾಶ್ವತವಾಗಿ ಕಣ್ಣು ಮುಚ್ಚಿತು. ಹೊಸದು ತರಲು ಹೊರಟವಳ ಜೊತೆ ಅಪ್ಪನೂ ಹೊರಟರು. ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸಾಸಿವೆಯಷ್ಟು ತಿರುಪನ್ನು ಚಿಮಟದಲ್ಲಿ ಎತ್ತುತ್ತಿದ್ದ ಆ ಕಣ್ಣುಗಳಿಗೆ ಈಗ ಗೋಡೆಯ ಗಡಿಯಾರವೇ ಮಸುಕು. ಮನೆಯ ಪುಟ್ಟ ಟಿವಿಗೆ ಮೂಗು ತಾಗಿಸಿಕೊಂಡು ಕೂರುತ್ತಿದ್ದರು.

"ಯಾವ ಕೆಲಸಕ್ಕಮ್ಮ?" ಅಂಗಡಿಯವನು ಕೇಳಿದ.

"ಫೋಟೊ ತಿದ್ದೋಕೆ. ಮಾನಿಟರ್ ಬದಲು ದೊಡ್ಡ ಟಿವಿನೇ ತಗೊಂಡ್ರೆ ಹೇಗೆ? ಹಗಲು ನನಗೆ, ಸಂಜೆ ಅಪ್ಪನಿಗೆ."

"ಅಯ್ಯೋ, ಬೇಡಮ್ಮ. ಟಿವಿ ಮುಖಸ್ತುತಿ ಮಾಡುತ್ತೆ. ಯಾರನ್ನ ತೋರಿಸಿದ್ರೂ ಹೊಸ ಮದುಮಗಳ ಹಾಗೆ ಕೆಂಪಗೆ ಮಾಡಿ ತೋರಿಸುತ್ತೆ. ಮಾನಿಟರ್ ಅತ್ತೆ ಇದ್ದ ಹಾಗೆ. ಇದ್ದದ್ದನ್ನ ಇದ್ದ ಹಾಗೇ ಹೇಳುತ್ತೆ."

"ನಮ್ಮತ್ತೆ ಇದ್ದದ್ದಕ್ಕೆ ಇನ್ನೆರಡು ಸೇರಿಸಿ ಹೇಳ್ತಿದ್ರು ಕಣಯ್ಯಾ," ಅಂದರು ಅಪ್ಪ.

ಅಂಗಡಿಯವನು ನಕ್ಕ. ಅಪ್ಪ ನಗುತ್ತಲೇ ಮಗಳ ಕಡೆ ತಿರುಗಿ, "ಮಾನಿಟರೇ ತಗೋಮ್ಮ. ಅದು ನಿನ್ನ ಅನ್ನದ ಕೆಲಸ. ನನಗೇನು, ಕಿವಿ ನೆಟ್ಟಗಿದೆ, ಕೇಳಿಸ್ಕೊಂಡು ಕೂತಿರ್ತೀನಿ" ಅಂದರು.

ಅಷ್ಟು ಹೇಳಿದವರು ಗೋಡೆಗೆ ತೂಗುಹಾಕಿದ್ದ ದೊಡ್ಡ ಟಿವಿಯ ಮುಂದೆ ನಿಂತೇಬಿಟ್ಟರು. ಅದರಲ್ಲೊಂದು ಹಕ್ಕಿ ರೆಕ್ಕೆ ಬಿಚ್ಚುತ್ತಿತ್ತು. ಅಪ್ಪ ಬೆರಳು ಚಾಚಿ ಗಾಳಿಯಲ್ಲೇ ಅದರ ಗರಿಗಳನ್ನು ಎಣಿಸತೊಡಗಿದರು. ಬಣ್ಣದಕ್ಕ ಅದನ್ನು ನೋಡಿದಳು, ಅವಳ ಮನಸ್ಸು ಅಲ್ಲೇ ಜಾರಿತು. ಅಪ್ಪನಿಗೋಸ್ಕರ ಅಂದುಕೊಂಡಳು. 'ಎಂಥ ಮಗಳಪ್ಪಾ' ಅಂತ ಬೀದಿಯವರು ಆಡಿಕೊಳ್ಳುವ ಮಾತೂ ಅದರ ಹಿಂದೆಯೇ ಅವಳ ಕಿವಿಗೆ ಕೇಳಿಸಿತ್ತು. ಅದನ್ನು ಅವಳು ಒಪ್ಪಿಕೊಂಡದ್ದು ಬಹಳ ತಡವಾಗಿ.

ಅಂಗಡಿಯವನು ಅವಳು ಕೊಂಡ ಆ ಟಿವಿಯ ಬಣ್ಣಗಳನ್ನೆಲ್ಲ ತಗ್ಗಿಸಿ ಕೊಟ್ಟ. "ಸಪ್ಪೆ ಅನ್ನಿಸಿದ್ರೂ ಇದನ್ನ ಮುಟ್ಟಬೇಡಿ. ಈ ಗುಂಡಿ ಒತ್ತಿದ್ರೆ ಮತ್ತೆ ಥಳಥಳ ಶುರು," ಅಂತ ರಿಮೋಟನ್ನು ತೋರಿಸಿದ. ಅಪ್ಪ ಆಗ ಬಾಗಿಲಾಚೆ ಗಾಡಿ ಹುಡುಕುತ್ತಿದ್ದರು. ಆ ಮಾತನ್ನು ಮನೆಗೆ ಹೋಗಿ ಅಪ್ಪನ ಕಿವಿಗೆ ಹಾಕಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ತಿಂಗಳೊಪ್ಪತ್ತು ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಡ್ರೈವರಣ್ಣ ಬಂದ. ಅವರ ಬೀದಿಯ ಮೂಲಕ ಹೋಗುವ ಬಸ್ಸನ್ನು ಓಡಿಸುವವನು. ಕೈಯಲ್ಲಿ ತೀರಿಹೋದ ಅವನ ತಾಯಿಯ ಫೋಟೊ ಇತ್ತು, ಹಳತಾಗಿ ಇಡೀ ಕೆಂಪಡರಿದ ಬಣ್ಣದ ಫೋಟೊ.

"ಅಪ್ಪನಿಗೆ ಮರೆವು ಅಕ್ಕ. ಅಮ್ಮ ಹೋಗಿದ್ದೂ ನೆನಪಿಲ್ಲ. ಎಲ್ಲಿ ಅವಳು, ಎಲ್ಲಿ ಅವಳು ಅಂತ ಬೆಳಗಿಂದ ಬಾಗಿಲಲ್ಲೇ ಕೂತಿರ್ತಾರೆ. ಅಮ್ಮನ ನಗು ನೋಡಿದ್ರೆ ಅವರೂ ಒಂದು ಸಲ ನಗ್ತಾರೇನೋ ಅಂತ ಆಸೆ. ಬೇಗ ಮಾಡಿಕೊಡಿ ಅಕ್ಕ."

ಮುಖವನ್ನು ತಿದ್ದಿದಾಗಲೆಲ್ಲ ಮೊದಲು ಅಂಗೈಯಗಲದ ಪ್ರಿಂಟ್ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ಒಪ್ಪಿಗೆ ಕೊಡುವುದು ಅವಳ ಪದ್ಧತಿ. ಈ ಸಲ ಅವಸರದಲ್ಲಿ ಅದನ್ನು ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಕೆಂಪನ್ನು ಬಹುಮಟ್ಟಿಗೆ ಇಳಿಸಿ, ಹಾಲು ತರಲು ಹೋಗಿಬಂದಳು. ಬಂದು ನೋಡಿದರೆ ಪರದೆಯ ಮೇಲಿನ ಹೆಂಗಸಿನ ಕೆನ್ನೆ ಮತ್ತೆ ಕೆಂಡದ ಹಾಗಿತ್ತು. 'ಇನ್ನೂ ಎಷ್ಟು ಉಳಿದಿದೆಯಪ್ಪಾ ಈ ಕೆಂಪು!' ಅಂತ ಗೊಣಗಿಕೊಂಡು ಇನ್ನಷ್ಟು ಇಳಿಸಿದಳು. ಮತ್ತಷ್ಟು ಇಳಿಸಿದಳು. ಕೊನೆಗೆ ತಾಯಿ ಪರದೆಯಿಂದ ಹಿತವಾಗಿ ನಕ್ಕಾಗ ಫೈಲನ್ನು ಕಳಿಸಿಬಿಟ್ಟಳು.

ಹತ್ತು ದಿನ ಕಳೆದು ಬಸ್ಸು ಹತ್ತಿದಾಗ ಡ್ರೈವರಣ್ಣನೇ ಸಿಕ್ಕಿದ.

"ಫೋಟೊ ಹೇಗಾಗಿದೆ ಅಣ್ಣ?"

ಅವನು ಕನ್ನಡಿಯಲ್ಲಿ ಒಮ್ಮೆ ಅವಳ ಮುಖ ನೋಡಿ ರಸ್ತೆಗೆ ಕಣ್ಣು ಹೊರಳಿಸಿದ. "ಚೆನ್ನಾಗಿದೆ ಅಕ್ಕ. ಆದ್ರೆ ಅಪ್ಪ ನೋಡಿದ ತಕ್ಷಣ ಒಂದೇ ಮಾತು ಕೇಳಿದ್ರು, ಇವಳಿಗೆ ಮೈ ಹುಷಾರಿಲ್ವಾ ಅಂತ."

ಬಣ್ಣದಕ್ಕ ಮುಂದಿನ ನಿಲ್ದಾಣದಲ್ಲೇ ಇಳಿದು ಸ್ಟುಡಿಯೊಗೆ ಓಡಿದಳು. ಅಲ್ಲಿನ ಮಾನಿಟರಿನಲ್ಲಿ ಅವಳದೇ ಫೈಲ್ ತೆರೆದುಕೊಂಡಿತು. ಬೂದಿ ಬಳಿದಂಥ ಕೆನ್ನೆ, ನೀಲಿಗಟ್ಟಿದ ತುಟಿ. ಆ ತುಟಿಯ ಮೇಲೆ ನಗು ಸಂಕಟವನ್ನು ಅದುಮಿಕೊಂಡ ಹಾಗೆ ಕಾಣುತ್ತಿತ್ತು.

"ಇದನ್ನ ನೋಡಿನೂ ಪ್ರಿಂಟ್ ಹಾಕಿದ್ರಾ?"

"ನೀನು ಕಳಿಸಿದ್ದರಲ್ಲಿ ಯಾವತ್ತು ತಪ್ಪು ಹುಡುಕಿದೀನಿ ಹೇಳು? ಆ ತಾಯಿ ಇದ್ದದ್ದೇ ಹೀಗೇನೋ ಅಂದ್ಕೊಂಡೆ," ಅಂದ ಸ್ಟುಡಿಯೊದವನು.

ಮನೆಗೆ ಬಂದು ಟಿವಿಯನ್ನು ಪರೀಕ್ಷಿಸಿದಳು. ಬಣ್ಣಗಳೆಲ್ಲ ಥಳಥಳ ಅನ್ನುತ್ತಿದ್ದವು.

"ಅಪ್ಪಾ, ರಿಮೋಟಲ್ಲಿ ಏನಾದ್ರೂ ಒತ್ತಿದ್ರಾ?"

"ಅದಾ? ಅವತ್ತು ನೀನು ಹಾಲಿಗೆ ಹೋಗಿದ್ದೆ ನೋಡು, ಆಗ." ಅಪ್ಪನ ಮುಖ ಅರಳಿತು. "ಪಾಪ, ಆ ಹೆಂಗಸು ತೀರಾ ಸಪ್ಪಗಿದ್ಲು. ನನ್ನ ಮಗಳು ಇಷ್ಟು ಕಷ್ಟಪಟ್ಟು ಮಾಡ್ತಾಳೆ, ಸ್ವಲ್ಪ ಕಳೆ ಬರ್ಲಿ ಅಂತ ಒಂದೊಂದೇ ಗುಂಡಿ ಒತ್ತಿ ನೋಡಿದೆ. ಕೊನೆಗೆ ಬಂತು ನೋಡು! ಚೆನ್ನಾಗಾಯ್ತಲ್ವಾ?"

ಅವಳು ಬಾಯಿ ತೆರೆದಳು. ಅಪ್ಪನ ಮಂಜುಗಣ್ಣು ಮೆಚ್ಚುಗೆಗಾಗಿ ಅವಳ ಮುಖದಲ್ಲೇ ತಡಕಾಡುತ್ತಿತ್ತು.

"ಚೆನ್ನಾಗಾಯ್ತಪ್ಪ," ಅಂದಳು.

ಮರುದಿನ ಸ್ಟುಡಿಯೊದ ಮಾನಿಟರಿನ ಮುಂದೆಯೇ ಕೂತು ಆ ಮುಖವನ್ನು ಮೊದಲಿನಿಂದ ತಿದ್ದಿದಳು. ಚಿಕ್ಕ ಪ್ರಿಂಟ್ ಮೂರು ಸಲ ತೆಗೆಸಿ ಕಿಟಕಿಗೆ ಹಿಡಿದು ನೋಡಿದಳು. ಈ ಸಲ ತಾಯಿ ಈಗತಾನೆ ಬಿಸಿಲಿಂದ ಒಳಗೆ ಬಂದು ಯಾರದೋ ತಮಾಷೆಗೆ ನಕ್ಕವಳ ಹಾಗಿದ್ದಳು. ಅದನ್ನು ಲಕೋಟೆಯಲ್ಲಿಟ್ಟುಕೊಂಡು ಡ್ರೈವರಣ್ಣನ ಮನೆಗೆ ಹೋದಳು.

ಅವನು ಹೊಸಿಲಲ್ಲೇ ನಿಂತು ಫೋಟೊ ಈಚೆ ತೆಗೆದ. ತುಂಬ ಹೊತ್ತು ನೋಡಿದ. ಹೆಬ್ಬೆರಳಿನಿಂದ ಅಂಚನ್ನು ಸವರಿದ.

"ಇದು ನಮ್ಮಮ್ಮ," ಅಂದ. ಆಮೇಲೆ ಮೆಲ್ಲಗೆ ಅದನ್ನು ಲಕೋಟೆಯೊಳಗೆ ಇಳಿಸಿ ಅವಳ ಕೈಗೇ ಕೊಟ್ಟ.

"ಯಾಕಣ್ಣ? ತಪ್ಪು ನಂದು. ಇದನ್ನ ಹಾಕಿ, ಆ ಹಳೇದನ್ನ ನಾನು ತಗೊಂಡು ಹೋಗ್ತೀನಿ."

"ಈಗ ಆಗಲ್ಲ ಅಕ್ಕ. ಅವಳಿಗೆ ಹುಷಾರಿಲ್ಲ, ಮಲಗಿದಾಳೆ, ಅದಕ್ಕೇ ಬರ್ತಿಲ್ಲ ಅಂತ ಅಪ್ಪ ನಂಬಿಬಿಟ್ಟಿದಾರೆ. ಬಾಗಿಲಿಗೆ ಬರೋದೇ ಬಿಟ್ರು. ಇದನ್ನ ತೋರಿಸಿದ್ರೆ, ವಾಸಿಯಾಗಿದೆಯಲ್ಲ, ಎದ್ದು ಬರೋಕೇನು ಅಂತಾರೆ. ಆಗ ನಾನೇನು ಹೇಳ್ಲಿ?"

"ಇದನ್ನ ನೋಡಿ ಅವರು ನಗೋದಾದ್ರೂ..."

"ನಗಲಿ ಅಂತಲೇ ಮಾಡಿಸಿದ್ದು ಅಕ್ಕ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಒಳಕೋಣೆಯಿಂದ ಸಣ್ಣ ದನಿಯೊಂದು ಕೇಳಿತು. "ಯಾರೋ ಅದು? ಡಾಕ್ಟ್ರಮ್ಮ ಬಂದ್ರಾ?"

ಡ್ರೈವರಣ್ಣ ಕಣ್ಣಲ್ಲೇ ಬೇಡಿಕೊಂಡ. ಅವಳು ಒಳಗೆ ಹೋದಳು. ಕಿಟಕಿಗೆ ಪರದೆ ಎಳೆದಿತ್ತು. ಮಂಚದ ಮೇಲೆ ಎರಡು ದಿಂಬು, ಒಂದಕ್ಕೆ ಒರಗಿಸಿಟ್ಟ ಆ ಬೂದು ಮುಖ, ಚೌಕಟ್ಟಿನೊಳಗಿನ ಕತ್ತಿನವರೆಗೂ ಹೊದಿಸಿದ ಶಾಲು. ಪಕ್ಕದ ಕುರ್ಚಿಯ ತುದಿಯಲ್ಲಿ ಮುದುಕರು ಕೂತಿದ್ದರು, ಮೊಣಕಾಲ ಮೇಲೆ ಒದ್ದೆ ಬಟ್ಟೆ.

"ಇನ್ನೆಷ್ಟು ದಿನ ಡಾಕ್ಟ್ರೇ? ಮುಖಕ್ಕೆ ರಕ್ತಾನೇ ಬರ್ತಿಲ್ಲ."

ಅವರ ಕೇಳಿಕೆಗೆ ಉತ್ತರ ಅವಳ ಕೈಯಲ್ಲಿತ್ತು. ಲಕೋಟೆಯ ಬಾಯಿ ಕೂಡ ಅಂಟಿಸಿರಲಿಲ್ಲ. ಬೆರಳು ಒಳಗೆ ಹೋಗಿ, ನುಣುಪಾದ ಹಾಳೆಯನ್ನು ಮುಟ್ಟಿ, ಹಾಗೇ ಈಚೆ ಬಂತು.

"ಇನ್ನೂ ಸ್ವಲ್ಪ ದಿನ ಬೇಕಾಗುತ್ತೆ ಅಜ್ಜ," ಅಂದಳು.

"ಆಗಲಿ, ಆಗಲಿ. ನನಗೇನು ಅವಸರ? ಇಲ್ಲೇ ಇರ್ತೀನಿ." ಅವರು ಬಾಗಿ ಒದ್ದೆ ಬಟ್ಟೆಯಿಂದ ಗಾಜಿನ ಮೇಲಿನ ಹಣೆಯನ್ನು ಒತ್ತಿದರು. ಆಮೇಲೆ ಏನೋ ನೆನಪಾದವರಂತೆ ಇವಳ ಕಡೆ ತಿರುಗಿ ಪಿಸುಗುಟ್ಟಿದರು. "ಹೋಗುವಾಗ ಬಾಗಿಲು ಮೆಲ್ಲಗೆ ಎಳೀರಮ್ಮ. ರಾತ್ರಿಯೆಲ್ಲ ನರಳಿ ಈಗಷ್ಟೇ ಕಣ್ಣು ಹತ್ತಿದೆ."

ಬಣ್ಣದಕ್ಕ ಹಿಂದಡಿ ಇಟ್ಟು ಹೊರಗೆ ಬಂದಳು. ಚಿಲಕ ಸದ್ದಾಗದ ಹಾಗೆ ಎರಡೂ ಕೈಯಿಂದ ಹಿಡಿದು, ಬಾಗಿಲನ್ನು ಎಳೆದುಕೊಂಡಳು.