ಒಂದು ಬೆರಳಿನ ಸಡಿಲ

ಪಂಪಣ್ಣ ತಮ್ಮನ ಹೆಣದ ಮಗ್ಗುಲಿಗೆ ಮೊಣಕಾಲು ಊರಿ ಬಿಳಿ ಅರಿವೆಯ ಪಟ್ಟಿಯನ್ನು ಜಗ್ಗಿದ. ಪಟ್ಟಿ ಸೂಗಪ್ಪನ ಎರಡೂ ಕಂಕುಳಡಿ ಹಾದು ಹಿಂದಿನ ಗೋಡೆಯ ಗೂಟಕ್ಕೆ ಹೋಗಿತ್ತು. ಕೂಡಿಸಿದ ದೇಹ ಮುಂದಕ್ಕೆ ವಾಲಬಾರದೆಂದು ಹಾಗೆ ಕಟ್ಟುವುದು ರೂಢಿ. ಆದರೆ ಪಂಪಣ್ಣ ಬಂಡಿಗೆ ಹೇರು ಬಿಗಿದಂತೆ ಬಿಗಿಯುತ್ತಿದ್ದ.

“ಸಡಿಲ ಬಿಡ್ರಿ ಭಾವಾ,” ಎಂದಳು ಬಸ್ಸಮ್ಮ.

“ಸಡಿಲ ಬಿಟ್ರ ಬೀಳ್ತಾನವ್ವಾ ನಿನ್ನ ಗಂಡ.”

“ಒಂದು ಬೆರಳರ ಆಡ್ಬೇಕು. ಅವ್ರು ಎತ್ತಿಗೂ ಇಷ್ಟು ಬಿಗಿ ಕಟ್ಟಿದವ್ರಲ್ಲ.”

“ಈಗೇನು ಅವಂಗ ನೋಯ್ತದೇನು?” ಪಂಪಣ್ಣ ಗಂಟು ಹಾಕಿ ಎದ್ದುಹೋದ.

ಬಸ್ಸಮ್ಮ ಆ ಗಂಟು ಬಿಚ್ಚಿದಳು. ತೋರುಬೆರಳನ್ನು ಪಟ್ಟಿಯ ಅಡಿಗೆ ಇಟ್ಟುಕೊಂಡೇ ಮತ್ತೆ ಕಟ್ಟಿ, ಆಮೇಲೆ ಬೆರಳನ್ನು ಎಳೆದುಕೊಂಡಳು. ಪಡಸಾಲೆಯ ಹೆಂಗಸರು ಒಬ್ಬರನ್ನೊಬ್ಬರು ತಿವಿದರು.

“ಮುಂಜಾನಿಂದ ಒಂದು ಹನಿ ಕಣ್ಣೀರಿಲ್ಲ ನೋಡು.”

“ಕಲ್ಲು ಅದ, ಕಲ್ಲು.”

ಬಸ್ಸಮ್ಮನ ಕಿವಿಗೆ ಅದು ಬಿತ್ತು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಬೆಳಗಿನ ಪೂಜೆಗೆ ಕುಳಿತ ಗಂಡ ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಗೋಡೆಗೆ ಒರಗಿ ಶಿವನ ಪಾದ ಸೇರಿದ್ದ. ಅಂಥ ಸಾವು ಪುಣ್ಯವಂತರಿಗೆ ಬರುತ್ತದೆಂದು ಬಂದವರೆಲ್ಲ ಕೈಮುಗಿದರು. ಒಳಮನೆಯಲ್ಲಿದ್ದ ಹೆಂಡತಿಯನ್ನು ಒಮ್ಮೆ ಕೂಗಲಿಲ್ಲವಲ್ಲ ಎಂಬುದು ಅವಳಿಗೆ ಮಾತ್ರ ಗೊತ್ತು.

ಸೂಗಪ್ಪ ರಂಗಂಪೇಟೆಯ ಬಜಾರದಲ್ಲಿ ಮೂವತ್ತು ವರ್ಷ ಹಗ್ಗ, ಮೂಗುದಾಣ, ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವ ಜತಗಿ ಮಾರಿದವನು. ಮಕ್ಕಳಿಲ್ಲ. ಇದ್ದದ್ದು ಒಂದು ಗಿಳಿ, ಮಲ್ಲ. ಅದೀಗ ಪಡಸಾಲೆಯ ಮೂಲೆಯಲ್ಲಿ ಅಡ್ಡಕೋಲಿನ ಮೇಲೆ ಕುಳಿತು, ತನ್ನ ಒಂದೇ ಕಣ್ಣನ್ನು ಯಜಮಾನನ ಕಡೆಗೆ ತಿರುಗಿಸಿತ್ತು. ಪಕ್ಕದ ಮೊಳೆಗೆ ಅರಿಸಿನ ಬಣ್ಣದ ನೂಲಿನ ಜತಗಿಯೊಂದು ತೂಗುತ್ತಿತ್ತು.

“ಭೂಮಿ ಮ್ಯಾಲ ಗಿಣಿಗಿ ಜತಗಿ ಕಟ್ಟಿದ ಭೂಪ ಇವನೊಬ್ಬನ ನೋಡ್ರಿ,” ಎಂದ ಕುರುಬರ ಬೀರಣ್ಣ. ಬಹಳ ವರ್ಷಗಳಿಂದ ಸೂಗಪ್ಪನ ಅಂಗಡಿಯ ಗಿರಾಕಿ. “ನಾ ಕೇಳಿದ್ದೆ, ಸಾವಕಾರ್ರ, ನೇಗಿಲಕ್ಕ ಹೂಡಾವ್ರೇನ್ರಿ ಅಂತ. ಜೋಡಿ ಸಿಗವಲ್ದು ಬೀರಣ್ಣಾ, ಅಂದಿದ್ದ.”

ಹೆಣದ ಮುಂದೆಯೇ ನಾಲ್ಕು ಜನ ನಕ್ಕರು. ಪಂಪಣ್ಣ ನಗಲಿಲ್ಲ.

“ಆ ಗಿಣಿ ಇವತ್ತ ಬಿಟ್ಟುಬಿಡೂಣು,” ಎಂದ. “ಸತ್ತವನ ಹೆಸರಲೆ ಪಕ್ಷಿ ಬಿಟ್ರ ಪುಣ್ಯ. ಹೈದರಾಬಾದ ಹಿಂದುಸ್ತಾನಕ್ಕ ಸೇರಿ ಎರಡು ವರ್ಷ ಆತು, ದೇಶಕ್ಕೆಲ್ಲಾ ಆಜಾದಿ ಬಂತು, ಗಿಣಿಗಿ ಬ್ಯಾಡೇನು?”

“ಖರೆ ಮಾತು,” ಎಂದರು ಎಲ್ಲರೂ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರೂ ತಲೆಯಾಡಿಸಿದರು.

ಬಾಗಿಲ ಹೊರಗೆ ಕುಳಿತಿದ್ದ ಪಕ್ಕದ ಮನೆಯ ಹಜರಾಬೀ ಸೆರಗು ಬಾಯಿಗೆ ಹಿಡಿದು, “ಅದಕ್ಕ ಒಂದು ಕಣ್ಣಿಲ್ರಿ ಅಣ್ಣಾ. ಕಾಗಿ ಬಿಟ್ಟಾವೇನ್ರಿ?” ಎಂದಳು.

“ಎಲ್ಲಾರಿಗೂ ಶಿವ ಅದಾನ,” ಎಂದ ಪಂಪಣ್ಣ.

ಬಸ್ಸಮ್ಮ ಹಲ್ಲು ಕಚ್ಚಿದಳು.

*

ಎರಡು ವರ್ಷದ ಹಿಂದೆ, ನಿಜಾಮನ ಕಡೆಯ ರಜಾಕಾರರ ಗದ್ದಲದ ಬೇಸಿಗೆಯಲ್ಲಿ, ಬಂದರು ಬಂದರು ಎಂಬ ಕೂಗು ಎದ್ದು ರಂಗಂಪೇಟೆಯ ಜನ ಸುರಪುರದ ಗುಡ್ಡ ಹತ್ತಿದ್ದರು. ಎಲ್ಲರಿಗಿಂತ ಕೊನೆಗೆ ಮನೆ ಬಿಟ್ಟವನು ಪಂಪಣ್ಣ. ಗಿಳಿ ಕೂಗಿದರೆ ಒಳಗೆ ಜನರಿದ್ದಾರೆಂದು ತಿಳಿದು ಬಂದವರು ಮನೆ ಒಡೆದಾರು ಎಂದು ಪಂಜರದ ಬಾಗಿಲು ತೆಗೆದು, ಕೋಲಿನಿಂದ ತಿವಿದು ಅದನ್ನು ಹೊರಗೆ ಅಟ್ಟಿದ್ದ. ಬಸ್ಸಮ್ಮ ಓಣಿಯ ತಿರುವಿನಿಂದ ಕಂಡಿದ್ದಳು.

ಅಂದು ಯಾರೂ ಬರಲಿಲ್ಲ. ಮೂರನೆಯ ದಿನ ಮನೆಗೆ ಮರಳಿದಾಗ ಮಲ್ಲ ಬೇವಿನ ಗಿಡದ ಬುಡದಲ್ಲಿ ಬಿದ್ದಿತ್ತು. ಕಾಗೆಗಳು ಬಲಗಣ್ಣು ಕಿತ್ತಿದ್ದವು. ಹಜರಾಬೀ ಅರಿಸಿನ ಅರೆದು ತಂದಳು. “ಪಂಜರದ ಕೊಂಡಿ ಸಡ್ಲ ಇತ್ತು,” ಎಂದು ಸೂಗಪ್ಪ ಓಣಿಗೆಲ್ಲ ಹೇಳಿದ.

“ಕೊಂಡಿ ಅಲ್ಲ, ನಿಮ್ಮಣ್ಣ. ನಾ ಕಣ್ಣಾರೆ ನೋಡೀನಿ,” ಎಂದಳು ಬಸ್ಸಮ್ಮ.

ಸೂಗಪ್ಪ ತನ್ನ ಕೊರಳಿನ ಲಿಂಗವನ್ನು ಅವಳ ಅಂಗೈಯಲ್ಲಿಟ್ಟ. “ನಾ ಇರೂತನ ಈ ಮಾತು ಹೊರಗ ಬರಬಾರದು. ಆಣಿ ಮಾಡು.”

ಮಾಡಿದಳು. ಮರುದಿನದಿಂದ ಸೂಗಪ್ಪ ಹತ್ತಿಯ ನೂಲು ಹೆಣೆಯಲು ಕುಳಿತ. ಇನ್ನೊಮ್ಮೆ ಓಡುವ ಹೊತ್ತು ಬಂದರೆ ಪಂಜರ ಹೊರಲಾಗದು, ಬರಿಗೈಯಲ್ಲಿ ಒಯ್ದರೆ ಬಂದೂಕಿನ ಸಪ್ಪಳಕ್ಕೆ ಹಾರಿಹೋದೀತು. ಕೊರಳಿಗೊಂದು ಕುಣಿಕೆ, ರೆಕ್ಕೆಗಳ ಅಡಿಗೊಂದು, ಬೆನ್ನ ಮೇಲೆ ಎರಡೂ ಕೂಡುವಲ್ಲಿ ಉದ್ದನೆಯ ದಾರ.

ಮೊದಲು ಮೂರು ದಿನ ಅದನ್ನು ಕಾಳಿನ ಬಟ್ಟಲ ಬಳಿ ಸುಮ್ಮನೆ ಇಟ್ಟ. ಮಲ್ಲ ಹೆದರಿತು, ಸಮೀಪಿಸಿತು, ಕಚ್ಚಿ ನೋಡಿತು. ಆಮೇಲೆ ಕುಣಿಕೆಯ ಆಚೆ ಶೇಂಗಾಕಾಳು ಹಿಡಿದ. ಕಾಳು ಬೇಕಾದರೆ ತಲೆ ತೂರಿಸಬೇಕು, ಬೇಡವಾದರೆ ಬೇಡ. ಕಣ್ಣಿರುವ ಎಡಮಗ್ಗುಲಿಂದಲೇ ಯಾವಾಗಲೂ ಹತ್ತಿರ ಹೋಗುತ್ತಿದ್ದ. ಪಕ್ಷಿ ಗರಿ ಬಿಗಿದುಕೊಂಡಿತೆಂದರೆ ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

“ಗುಂಡು ಹಾರಾಕತ್ತಾವ, ನೀ ಗಿಣಿಗಿ ಶಾಲಿ ಕಲಸಾಕತ್ತೀದಿ?” ಎಂದು ಪಂಪಣ್ಣ ಕೂಗಾಡಿದ. “ಕೊರಳು ಹಿಡದು ಹಾಕಿ ಎಳಿ, ಆತು!”

“ಮೂಗುದಾಣ ಹಂಗ ಹಾಕ್ತಾರ. ಸಾವಿರ ಮಾರೀನಿ. ಸಾಕು,” ಎಂದ ಸೂಗಪ್ಪ.

ಹದಿನೆಂಟನೆಯ ದಿನ ಅವನು ಬೆರಳಿನಿಂದ ರೆಕ್ಕೆಯ ಅಡಿ ಮುಟ್ಟಿ, “ಕೈ ಎತ್ತಪಾ,” ಎಂದಾಗ ಮಲ್ಲ ಎಡ ರೆಕ್ಕೆಯನ್ನು ತಾನಾಗಿ ಎತ್ತಿ ಹಿಡಿಯಿತು. ಕುಣಿಕೆ ಏರಿಸಿ, ತೋರುಬೆರಳು ತೂರಿಸಿ ಸಡಿಲ ನೋಡಿ, ಅಂಗಿಯ ಕಿಸೆಯಿಂದ ಒಂದು ಕಾಳು ಕೊಟ್ಟ.

ಮುಂದಿನ ವಾರವೇ ನಿಜವಾಗಿ ಓಡಬೇಕಾಯಿತು. ಹುಣಸಗಿ ಹಾದಿ ಹಿಡಿದು ತಾಳಿಕೋಟೆಯ ಕಡೆಗೆ ನಿಜಾಮನ ಸೀಮೆಯ ಗಡಿ ದಾಟುವಾಗ ಎಲ್ಲೋ ಗುಂಡು ಹಾರಿತು. ಮಲ್ಲ ಚೀರಿ ಮೇಲೆದ್ದಿತು, ದಾರ ಮುಗಿಯುವವರೆಗೆ ಹಾರಿತು, ತಿರುಗಿ ಬಂದು ಸೂಗಪ್ಪನ ಹೆಗಲಿಗೆ ಕುಳಿತಿತು. ಆ ಹೆಗಲ ಹಿಂದೆ ಬಸ್ಸಮ್ಮ ಎರಡು ಗಂಟು ಹೊತ್ತು ನಡೆದಳು. ಮುಂದೆ ಪಂಪಣ್ಣ ದೇವರ ಹೆಸರು ಹೇಳುತ್ತ ನಡೆದಿದ್ದ. ಅವನ ಬೆನ್ನು ನೋಡಿದಾಗಲೆಲ್ಲ ಅವಳ ನಾಲಗೆಯ ತುದಿಗೆ ಆ ಮಾತು ಬಂದು ನಿಲ್ಲುತ್ತಿತ್ತು. ಗಿಳಿಗೆ ಬಿಟ್ಟ ಒಂದು ಬೆರಳಿನ ಸಡಿಲವನ್ನು ಗಂಡ ಹೆಂಡತಿಯ ಬಾಯಿಗೆ ಬಿಡಲಿಲ್ಲವಲ್ಲ ಎಂದು ಅವಳು ಅಂದಿನಿಂದ ಉರಿದಳು.

*

ಪಂಪಣ್ಣ ಮೂಲೆಗೆ ನಡೆದು ಗಿಳಿಗೆ ಕೈ ಹಾಕಿದ. ಕಣ್ಣಿಲ್ಲದ ಬಲಮಗ್ಗುಲಿಂದ ಹೋದ. ಮಲ್ಲ ಬೆಚ್ಚಿ ತಿರುಗಿ ಹೆಬ್ಬೆರಳನ್ನು ಕಚ್ಚಿತು.

“ಹಾಳಾದ್ದು!” ಎಂದು ಕೈ ಝಾಡಿಸಿದ. ರಕ್ತ ಬಂದಿತ್ತು.

“ಹಿಡೀಬ್ಯಾಡ್ರಿ ಅದನ್ನ!” ಬಸ್ಸಮ್ಮನ ದನಿಗೆ ಅಂಗಳದ ಭಜನೆ ನಿಂತಿತು. “ಒಮ್ಮೆ ಬಿಟ್ಟು ಪುಣ್ಯ ಕಟಗೊಂಡೀರಲ್ಲಾ, ಸಾಲಲಿಲ್ಲೇನು?”

“ಏನವ್ವಾ ಹಂಗಂದ್ರ?”

“ಕೊಂಡಿ ಸಡ್ಲ ಇರಲಿಲ್ರಿ ಭಾವಾ. ಬಾಗಿಲ ತಗದು, ಕೋಲಿಲೆ ತಿವಿದು ಹೊರಗ ಹಾಕಿದ್ರಿ. ನಾ ನೋಡೀನಿ. ಅವ್ರಿಗೂ ಗೊತ್ತಿತ್ತು. ಎರಡು ವರ್ಷ ನಿಮ್ಮ ಮಾನ ಉಳಸಾಕ ನನ್ನ ಬಾಯಿಗಿ ಲಿಂಗದ ಆಣಿ ಕಟ್ಟಿ ಇಟ್ಟಿದ್ರು. ನಾ ಇರೂತನ ಅಂದಿದ್ರು.” ಅವಳು ಗೋಡೆಗೆ ಕಟ್ಟಿದ ಗಂಡನ ಕಡೆಗೆ ಕೈ ತೋರಿಸಿದಳು. “ಈಗ ಇಲ್ಲ.”

ಪಂಪಣ್ಣ ತಮ್ಮನ ಮುಖ ನೋಡಿದ. ಅದರ ಮೇಲೆ ವಿಭೂತಿಯ ಮೂರು ಗೆರೆ, ಮುಚ್ಚಿದ ಕಣ್ಣು.

“ಅವಂಗ… ಗೊತ್ತಿತ್ತಾ?” ಎಂದ.

“ಗೊತ್ತಿದ್ದೂ ನಿಮಗ ದಿನಾ ಅಣ್ಣಾ ಅಂದ್ರು.”

ಬಸ್ಸಮ್ಮ ಮೊಳೆಯಿಂದ ಜತಗಿ ತೆಗೆದು ಗಿಳಿಯ ಎಡಮಗ್ಗುಲಿಗೆ ಹೋಗಿ ನಿಂತಳು. ಎಂದೂ ಅವಳು ತೊಡಿಸಿದವಳಲ್ಲ. ಕುಣಿಕೆ ಹಿಡಿದು ಕಾದಳು. ಬಹಳ ಹೊತ್ತಾಯಿತು. ಅಯ್ಯನವರು ಹೊತ್ತು ಮೀರುತ್ತದೆ ಎನ್ನಲು ಬಾಯಿ ತೆಗೆದು ಸುಮ್ಮನಾದರು. ಕೊನೆಗೆ ಮಲ್ಲ ಕುಣಿಕೆಯೊಳಗೆ ತಲೆ ತೂರಿಸಿತು.

*

ಊರ ಹೊರಗಿನ ಹೊಲದಲ್ಲಿ ಗುಣಿ ತೋಡಿದ್ದರು. ಬಸ್ಸಮ್ಮ ದಂಡೆಯ ಮೇಲೆ ನಿಂತಿದ್ದಳು, ಹೆಗಲ ಮೇಲೆ ಗಿಳಿ, ಮುಷ್ಟಿಯಲ್ಲಿ ದಾರದ ತುದಿ. ಸೂಗಪ್ಪನನ್ನು ಗುಣಿಯೊಳಗೆ ಕೂಡಿಸಿದರು. ಅವನ ಅಂಗಿಯ ಕಿಸೆ ಇನ್ನೂ ಶೇಂಗಾಕಾಳಿನಿಂದ ಉಬ್ಬಿತ್ತು. ಬಿಲ್ವಪತ್ರಿ ಹಾಕುವ ಮೊದಲು, ಗೂಟದಿಂದ ಬಿಡಿಸಿ ಮೈಗೇ ಕಟ್ಟಿ ತಂದಿದ್ದ ಪಟ್ಟಿ ಬಿಚ್ಚಬೇಕು. ಪಂಪಣ್ಣ ತಾನೇ ಇಳಿದ. ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಗಂಟು ಬಿಚ್ಚಿದ. ಕಂಕುಳಡಿಯಿಂದ ಪಟ್ಟಿ ಎಳೆಯಲು ಹೋದರೆ ಸೆಟೆದ ತೋಳು ಬಿಡಲಿಲ್ಲ. ಅವನು ಜಗ್ಗಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ, ತಮ್ಮನ ಕಿವಿಯ ಹತ್ತಿರ ಬಾಗಿದ.

“ಕೈ ಎತ್ತಪಾ, ತಮ್ಮಾ,” ಎಂದ. “ಕೈ ಎತ್ತಪಾ.”

ದಂಡೆಯ ಮೇಲೆ ಮಲ್ಲ ಎಡ ರೆಕ್ಕೆಯನ್ನು ಅಗಲಿಸಿ ಮೇಲೆತ್ತಿತು. ಎತ್ತಿದ ರೆಕ್ಕೆಯನ್ನು ಇಳಿಸದೆ, ಗುಣಿಯೊಳಗಿನ ಆ ಕಿಸೆಯ ಕಡೆಗೆ ಒಂದೇ ಕಣ್ಣು ನೆಟ್ಟು, ಕಾಳಿಗಾಗಿ ಕಾಯುತ್ತ ಕುಳಿತಿತು.