ಹೆಂಡತಿಯ ಬಾಯಿಯ ಅಳತೆ

"ಅದನ್ನ ಬೈಬೇಡ. ಚಪ್ಪಲಿ ಎತ್ತಿಡಬೇಕಾದವಳು ನೀನು."

"ಎಲ್ಲಿ ಎತ್ತಿಡ್ಲಿ? ತಲೆದಿಂಬಿನ ಕೆಳಗಾ? ನಿನ್ನೆ ಆ ದಿಂಬನ್ನೂ ಕಡಿದು ಹತ್ತಿ ಕಿತ್ತು ಹಾಕಿದಾಳೆ ನಿಮ್ಮ ಮುದ್ದಿನ ಮಗಳು. ಹೇಳಿ, ಎಲ್ಲಿಡ್ಲಿ?"

ಗಂಡ ಬೆಕ್ಕನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದ. ಅದು ಅವನ ಭುಜದ ಮೇಲಿಂದ ಅವಳನ್ನೇ ನೋಡುತ್ತ, ಬಾಯಲ್ಲಿ ಉಳಿದಿದ್ದ ಚಪ್ಪಲಿ ಬಾರಿನ ಚೂರನ್ನು ನಿಧಾನವಾಗಿ ಅಗಿಯುತ್ತಿತ್ತು. ಹಲ್ಲಿದ್ದವರ ದರ್ಪವೇ ಬೇರೆ, ಎಂದುಕೊಂಡಳು ಅವಳು. ಅವಳ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಸಿಟ್ಟು ಬಂದರೆ ಕಡಿಯುವುದಕ್ಕೂ ಗತಿಯಿಲ್ಲದ ಸ್ಥಿತಿ.

ವಸಡಿನ ಕಾಯಿಲೆ ಹಲ್ಲನ್ನೆಲ್ಲ ಅಲ್ಲಾಡಿಸಿ, ಕೊನೆಗೆ ಡಾಕ್ಟರು ಎಲ್ಲವನ್ನೂ ಕಿತ್ತು ಹಾಕಿದ್ದರು. ಬೇರೆಯವರಿಗಾದರೆ ಇದು ಬರೀ ಊಟದ ಕಷ್ಟ. ಅವಳಿಗೆ ಹೊಟ್ಟೆಪಾಡಿನ ಕಷ್ಟ. ಅವಳು ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಯಾವಾಗ, ಯಾವ ಕಡೆಯಿಂದ ಹೊರಡುತ್ತದೆ ಎಂದು ಹೇಳುವವಳು. ಕಲ್ಲು ಹೊಡೆದಂಥ ಮಾತು. ಕಿವಿ ಮಂದವಾದ ಮುದುಕರು ಕೂಡ ಅವಳ ಕೂಗು ಕೇಳಿ ಸರಿಯಾದ ಬಸ್ಸು ಹತ್ತುತ್ತಿದ್ದರು. ಹಲ್ಲು ಹೋದ ಮೇಲೆ ಬಾಯಿಂದ ಬರೀ ಗಾಳಿ ಬಂತು. ನಿಲ್ದಾಣದ ಸಾಹೇಬರು ಅವಳನ್ನು ಪ್ರಯಾಣಿಕರು ಮರೆತು ಹೋದ ಸಾಮಾನಿಡುವ ಕೋಣೆಗೆ ಹಾಕಿದರು. ಕೊಡೆ, ಚೀಲ, ಒಂಟಿ ಶೂಗಳ ನಡುವೆ ಇವಳೂ ಒಂದು ಸಾಮಾನಿನಂತೆ ಕೂತಳು. ಹೊಸ ಹಲ್ಲು ಹಾಕಿಸಿಕೊಂಡು ಬರಲಿ, ಮೈಕಿನಲ್ಲಿ ಮಾತಾಡಿಸಿ ನೋಡುತ್ತೇನೆ, ಸರಿಯಿದ್ದರೆ ಜಾಗ ಅವಳದೇ, ಇಲ್ಲದಿದ್ದರೆ ಈಗ ಕೂತಿರುವ ಹೊಸ ಹುಡುಗಿಗೇ ಖಾಯಂ ಮಾಡುತ್ತೇನೆ ಎಂದು ಸಾಹೇಬರು ಹೇಳಿ ಕಳಿಸಿದ್ದರು.

ಇನ್ನು ಗಂಡನ ಕಸುಬು ಏನು ಗೊತ್ತೇ? ಹಲ್ಲು ಕಟ್ಟುವುದು. ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡಿ ಕೊಡುತ್ತಾನೆ. ಕೈ ಒಳ್ಳೆಯದು, ಅದನ್ನು ಅವಳೂ ಅಲ್ಲಗಳೆಯುತ್ತಿರಲಿಲ್ಲ. ಊರಿನ ಅರ್ಧ ಮುದುಕರು ಇವನ ಹಲ್ಲಿನಲ್ಲೇ ನಗುತ್ತಿದ್ದರು. ಆದರೆ ಹೆಂಡತಿಯ ಸೆಟ್ಟಿಗೆ ಮಾತ್ರ ಇವತ್ತು, ನಾಳೆ, ಈ ವಾರ ಮುಗಿಯಲಿ. ಕೊನೆಗೆ ಅವಳೇ ಡಾಕ್ಟರ ಹತ್ತಿರ ಹೋಗಿ ಅಚ್ಚು ಕೊಟ್ಟು ಬಂದಳು. ಈ ದಿನ ಮತ್ತೆ ಅಲ್ಲಿಗೇ ಹೊರಟಾಗ ಚಪ್ಪಲಿಯ ಬಾರು ಬೆಕ್ಕಿನ ಬಾಯಲ್ಲಿತ್ತು.

ಹಳೆ ಚಪ್ಪಲಿ ಹುಡುಕಿ ಹಾಕಿಕೊಂಡು ಹೋದಳು.

ಬೆಕ್ಕಿನ ಈ ಚಟ ಬಿಡಿಸಲು ಅವನು ಏನೂ ಮಾಡಲಿಲ್ಲ ಅಂತಲ್ಲ. ಮಾಡಿದ, ನೋಡುವಂತೆ ಮಾಡಿದ. ಫೋನಿನಲ್ಲಿ ಯಾರೋ ಹೇಳಿದ್ದು ಕೇಳಿ ಚಾರ್ಜರಿನ ವೈರಿಗೆ ನಿಂಬೆರಸ ಬಳಿದ. ಬೆಕ್ಕು ಮೂಸಿ ನೋಡಿ, ಪಕ್ಕದಲ್ಲಿದ್ದ ಫ್ಯಾನಿನ ವೈರಿಗೆ ಬಾಯಿ ಹಾಕಿತು. ವೈರುಗಳನ್ನೆಲ್ಲ ಹಳೆ ಪೈಪಿನೊಳಗೆ ತೂರಿಸಿದ. ಪೈಪು ಕಡಿಯಲು ಇನ್ನೂ ಚೆನ್ನ ಎಂಬುದು ಬೆಕ್ಕಿಗೆ ಅವತ್ತೇ ತಿಳಿಯಿತು. ಪರದೆಯ ಅಂಚಿಗೆ ಮೆಣಸಿನಪುಡಿ ಸವರಿ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು, ಬಚ್ಚಲಿನಲ್ಲಿ ಬಕೆಟ್ಟಿಗೆ ಮುಖ ಅದ್ದಿ ಕೂತ. ಬಟ್ಟೆಯ ಇಲಿಯೊಂದನ್ನು ತಂದು ಅದಕ್ಕೆ ದಾರ ಕಟ್ಟಿ ಒಂದು ಸಂಜೆಯೆಲ್ಲ ನೆಲದ ಮೇಲೆ ಎಳೆದಾಡಿದ. ಓಡಿ ಓಡಿ ಸುಸ್ತಾದ ಬೆಕ್ಕು ಆ ರಾತ್ರಿ ಏನನ್ನೂ ಕಡಿಯದೆ ಮಲಗಿತು. ಅದನ್ನು ಇವನು ಗಮನಿಸಲೇ ಇಲ್ಲ. ಮಾರನೆಯ ದಿನ ಇಲಿ ಮಂಚದ ಕೆಳಗೆ ಬಿತ್ತು, ಮತ್ತೆ ಹೊರಗೆ ಬರಲಿಲ್ಲ.

ಅವಳು ಹೇಳಿದ್ದು ಸುಲಭದ ಮಾತು. ಬೆಳಿಗ್ಗೆ ಸಂಜೆ ಅದನ್ನು ಆಡಿಸಿ, ಕಡಿಯಲು ಅದರದೇ ಒಂದು ಸಾಮಾನು ಕೊಡಿ, ಉಳಿದದ್ದನ್ನೆಲ್ಲ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಕೆಲಸದ ಕೋಣೆಯ ಬಾಗಿಲು ಹಾಕಿ. ಬಾಗಿಲು ಎಂದ ಕೂಡಲೇ ಅವನ ಮುಖ ಸಣ್ಣದಾಗುತ್ತಿತ್ತು. ಬಾಗಿಲು ಹಾಕಿದರೆ ಬೆಕ್ಕು ಅಳುತ್ತದಂತೆ, ಅದು ಅತ್ತರೆ ಇವನಿಗೆ ಕೈ ಓಡುವುದಿಲ್ಲವಂತೆ. ಹಲ್ಲು ಕಿತ್ತ ದಿನ ಅವಳೂ ಅತ್ತಿದ್ದಳು. ಆಗ ಈ ಮಹಾಶಯ ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಎಂದು ಹೇಳಿ, ಒಳಗೆ ಹೋಗಿ ಯಾರದೋ ಕೋರೆಹಲ್ಲು ಉಜ್ಜುತ್ತ ಕೂತಿದ್ದ. ಕೈ ಚೆನ್ನಾಗಿಯೇ ಓಡಿತ್ತು.

ಹಳೆ ಚಪ್ಪಲಿಯಲ್ಲಿ ಹೋದ ಆ ದಿನ ಡಾಕ್ಟರು ಬೆಚ್ಚಗಿನ ಮೇಣವನ್ನು ಅವಳ ವಸಡುಗಳ ನಡುವೆ ಇಟ್ಟು ಕಚ್ಚಿಸಿದರು. ಬಾಯಿ ಮುಚ್ಚಿದಾಗ ಮೇಲಿನ ದವಡೆ ಕೆಳಗಿನದರ ಮೇಲೆ ಎಲ್ಲಿ ಕೂರುತ್ತದೆ, ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದಕ್ಕೆಲ್ಲ ಆ ಮೇಣದ ಗುರುತೇ ಆಧಾರ. ಅದು ತಪ್ಪಿದರೆ ಹಲ್ಲು ಮುತ್ತಿನಂತಿದ್ದರೂ ಬಾಯಿ ಬಾಯಾಗುವುದಿಲ್ಲ. ನಿಮ್ಮ ಬಾಯಿಯ ಅಳತೆ ಇದರಲ್ಲಿದೆ, ಜೋಪಾನ ಎಂದು ಹೇಳಿ ಡಬ್ಬಿಯಲ್ಲಿಟ್ಟು ಕೊಟ್ಟರು. ಅವಳು ಮಡಿಲಲ್ಲಿಟ್ಟುಕೊಂಡು ತಂದು ಗಂಡನ ಕೈಗೆ ಕೊಟ್ಟು, ಮುಚ್ಚಳ ಹಾಕಿಡಿ ಎಂದಳು. ಅವನು ತಲೆ ಎತ್ತದೆ ಹ್ಞೂಂ ಎಂದ. ತೊಡೆಯ ಮೇಲಿದ್ದ ಬೆಕ್ಕು ಮಾತ್ರ ತಲೆ ಎತ್ತಿತು.

ಆ ಕಸುಬಿನಲ್ಲಿ ಒಂದು ಕ್ರಮವಿದೆ. ಹಲ್ಲುಗಳನ್ನು ಮೊದಲು ಮೇಣದಲ್ಲೇ ಜೋಡಿಸಿ ಡಾಕ್ಟರಿಗೆ ಕಳಿಸಬೇಕು, ಅವರು ರೋಗಿಯ ಬಾಯಲ್ಲಿಟ್ಟು ನೋಡಿ ಸರಿಯಿದೆ ಎಂದ ಮೇಲೆ ಗಟ್ಟಿ ಮಾಡಬೇಕು. ಇವನು ಯಾರಿಗೂ ಇದನ್ನು ತಪ್ಪಿಸಿದವನಲ್ಲ. ಹೆಂಡತಿಗೆ ತಪ್ಪಿಸಿದ. ನೇರವಾಗಿ ಗಟ್ಟಿ ಸೆಟ್ಟನ್ನೇ ತಂದು ಅವಳ ಅಂಗೈಗೆ ಇಟ್ಟ. ಡಾಕ್ಟರಿಗೆ ತೋರಿಸಬೇಡವೇ ಎಂದು ಅವಳು ಕೇಳಿದ್ದಕ್ಕೆ, "ಹೆಂಡ್ತಿ ಬಾಯಿ ಗಂಡನಿಗೆ ಗೊತ್ತಿರಲ್ವಾ?" ಎಂದು ನಕ್ಕ. ಅವಳಿಗೆ ಆ ಮಾತು ಕೇಳಿ ಖುಷಿಯಾಯಿತು. ಅದನ್ನು ಪ್ರೀತಿ ಎಂದುಕೊಂಡಳು, ಪೆದ್ದಿ.

ಕನ್ನಡಿಯಲ್ಲಿ ಹಲ್ಲು ಚೆನ್ನಾಗಿಯೇ ಕಂಡವು. ಆದರೆ ಬಾಯಿ ಮುಚ್ಚಿದರೆ ಎಡಗಡೆಯ ಹಿಂದಿನ ಹಲ್ಲುಗಳು ಮೊದಲು ಟಕ್ಕನೆ ತಾಗಿ, ಮುಂದಿನವು ಕೂಡದೆ ಬಾಯಿ ಅರ್ಧ ತೆರೆದೇ ಇರುತ್ತಿತ್ತು. ಹೊಸದು ಹಾಗೇ, ಅಭ್ಯಾಸವಾಗಬೇಕು ಎಂದ ಅವನು. ಅವಳು ಅಭ್ಯಾಸ ಮಾಡಿದಳು. ಬಚ್ಚಲಿನಲ್ಲಿ ನಿಂತು ಗೋಡೆಗೆ ಬಸ್ಸುಗಳ ಹೆಸರು ಕೂಗಿದಳು. ದವಡೆ ನೋವು ಬಂತೇ ಹೊರತು ಅಭ್ಯಾಸ ಬರಲಿಲ್ಲ. ಮತ್ತೆ ಹೇಳಿದರೆ, ನಿನ್ನ ದವಡೆಯೇ ಸೊಟ್ಟ ಎಂದುಬಿಟ್ಟ.

ಸಾಹೇಬರು ಮೈಕಿನ ಮುಂದೆ ಕೂರಿಸಿದ ದಿನ ಇಡೀ ನಿಲ್ದಾಣ ಕೇಳಿಸಿಕೊಂಡಿತು. ಒಂದೊಂದು ಹೆಸರಿಗೂ ಸೀಟಿ, ಮಾತು ಮುಗಿದಲ್ಲೆಲ್ಲ ಟಕ್ ಟಕ್, ಯಾರೋ ಕದ ಬಡಿದಂತೆ. ಕೆಳಗೆ ಮೂಟೆ ಹೊರುವವನೊಬ್ಬ ತಾನೂ ಸೀಟಿ ಹೊಡೆದು ಉತ್ತರ ಕೊಟ್ಟ, ಜನ ಹಲ್ಲು ಕಿಸಿದರು. ಸಾಹೇಬರು ನಗಲಿಲ್ಲ, ಅದೇ ಅವಳಿಗೆ ಹೆಚ್ಚು ನೋಯಿತು. ಮುಂದಿನ ವಾರ ಇನ್ನೊಂದು ಸಲ ಬನ್ನಿ ಅಮ್ಮ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ಅವಳು ಅಲ್ಲಿಂದ ಸೀದಾ ಡಾಕ್ಟರ ಹತ್ತಿರ ಹೋದಳು. ಅವರು ಬಣ್ಣದ ತೆಳು ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರು. ಎಡಗಡೆ ಹಿಂದಿನ ಹಲ್ಲುಗಳಿಗಷ್ಟೇ ಬಣ್ಣ ಹತ್ತಿತು, ಉಳಿದವು ಬಿಳಿಯಾಗೇ ಇದ್ದವು. ದವಡೆ ನೆಟ್ಟಗಿದೆ, ತಪ್ಪು ಸೆಟ್ಟಿನದು ಎಂದರು. ಗಟ್ಟಿ ಮಾಡುವ ಮೊದಲು ನನಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದರು. ಈಗ ಬೇರೆ ರೋಗಿಗಳು ಕಾದಿದ್ದಾರೆ, ಇವತ್ತು ಸಂಜೆಯೊಳಗೆ ಬಂದರೆ ಹೊಸ ಮೇಣ ಕಚ್ಚಿಸಿ ಕೊಡುತ್ತೇನೆ, ಬೇಗ ಕಟ್ಟಿದರೆ ವಾರದೊಳಗೆ ಸರಿಯಾದ ಸೆಟ್ಟು ಆಗುತ್ತದೆ ಎಂದೂ ಹೇಳಿದರು.

ಮನೆಗೆ ಬಂದಾಗ ಗಂಡ ಕೆಲಸದ ಕೋಣೆಯಲ್ಲಿ ಯಾರದೋ ಸೆಟ್ಟಿಗೆ ಹೊಳಪು ಕೊಡುತ್ತಿದ್ದ. ಬೆಕ್ಕು ಮೇಜಿನ ಮೇಲೆ, ಪ್ಲಾಸ್ಟರಿನ ಅಚ್ಚುಗಳ ನಡುವೆ ಕಾಲು ಚಾಚಿ ಮಲಗಿತ್ತು. ಅವಳು ಹಲಗೆಯ ಮೇಲಿಂದ ತನ್ನ ಡಬ್ಬಿ ತೆಗೆದಳು. ಮೇಣ ಅಲ್ಲೇ ಇತ್ತು. ಎಡಗಡೆ ಮಾತ್ರ ಬಿಸಿ ಚೂರಿಯಲ್ಲಿ ತಿದ್ದಿ ನುಣುಪು ಮಾಡಿದ್ದು ಹೊಳೆಯುತ್ತಿತ್ತು. ತಿರುಗಿಸಿ ನೋಡಿದಳು. ಕೆಳಗೆ ಸೂಜಿ ಚುಚ್ಚಿದಂತೆ ಸಾಲಾಗಿ ಸಣ್ಣ ಸಣ್ಣ ತೂತುಗಳು. ಅವು ಮನುಷ್ಯರ ಹಲ್ಲಿನ ಗುರುತಲ್ಲ ಎಂದು ತಿಳಿಯಲು ಯಾವ ಡಾಕ್ಟರೂ ಬೇಕಿರಲಿಲ್ಲ.

"ಯಾರು ಕಚ್ಚಿದ್ದು ಇದನ್ನ?"

"ಸೆಕೆಗೆ ಕರಗಿರಬೇಕು."

"ಸೆಕೆಗೆ ಹಲ್ಲಿರುತ್ತಾ?"

ಅವನು ಯಂತ್ರ ನಿಲ್ಲಿಸಿದ. ಒಂದು ಮೂಲೆಯಷ್ಟೇ ಹೋಗಿತ್ತು, ಅಂದಾಜಿನ ಮೇಲೆ ತುಂಬಿಸಿದೆ, ಇಷ್ಟು ವರ್ಷ ಮುಖ ನೋಡಿದವನಿಗೆ ಅಷ್ಟು ಅಂದಾಜು ಇರುವುದಿಲ್ಲವೇ ಎಂದ. ಅವಳು ಕೂಗಾಡಲಿಲ್ಲ. ಕೂಗಾಡಿದರೆ ಸೀಟಿ ಬರುತ್ತದೆ.

"ಬೇರೆಯವರ ಮೇಣ ಹೀಗಾಗಿದ್ರೆ ಏನ್ಮಾಡ್ತಿದ್ರಿ?"

"ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದು ತರಿಸ್ತಿದ್ದೆ," ಎಂದ, ಯೋಚಿಸದೆ.

"ನಂದು ಯಾಕೆ ತರಿಸಲಿಲ್ಲ?"

ಅವನು ಬೆಕ್ಕಿನ ಕಡೆ ನೋಡಿದ. "ಹೇಳಿದ್ರೆ ನೀನು ಇದನ್ನ ಮನೆಯಿಂದ ಆಚೆ ಹಾಕ್ತಿದ್ದೆ."

ಅಲ್ಲಿಗೆ ಅವಳಿಗೆ ಎಲ್ಲ ತಿಳಿದುಹೋಯಿತು. ಬೆಕ್ಕಿನ ಮೇಲೆ ಒಂದು ಮಾತು ಬರಬಾರದೆಂದು ಈ ಮನುಷ್ಯ ಹೆಂಡತಿಯ ಬಾಯಿಗೆ ಬೆಕ್ಕಿನ ಕಚ್ಚನ್ನು ಕೂರಿಸಿದ್ದ. ಅದನ್ನು ಹಾಕಿಕೊಂಡು ಅವಳು ಊರಿನ ಮುಂದೆ ಸೀಟಿ ಹೊಡೆದಳು, ಮನೆಯಲ್ಲಿ ಸೊಟ್ಟ ದವಡೆಯವಳು ಅನ್ನಿಸಿಕೊಂಡಳು. ಬೆಕ್ಕಿನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಕ್ಕಿದ್ದು ಕಡಿಯುವುದು ಅದರ ಬುದ್ಧಿ, ಯಾರ ಬಾಯಿ ಯಾವುದೆಂದು ಅದಕ್ಕೇನು ಗೊತ್ತು? ಗೊತ್ತಿದೆ ಎಂದವನು ಎದುರಿಗೆ ಕೂತಿದ್ದ.

ಆದರೂ ಕೊನೆಯದಾಗಿ ಕೇಳಿ ನೋಡಿದಳು. ಇವತ್ತೇ ಹೊಸ ಮೇಣ ತರುತ್ತೇನೆ, ಈ ವಾರವೇ ಕಟ್ಟಿ ಕೊಡಿ, ಇಲ್ಲದಿದ್ದರೆ ಮೈಕು ಹೋಗುತ್ತದೆ. ಅವನು ಕಣ್ಣು ಕಿರಿದು ಮಾಡಿ ಹಲಗೆಯ ಮೇಲಿನ ಡಬ್ಬಿಗಳನ್ನು ನೋಡಿದ. ಹೊರಗಿನವರ ಕೆಲಸ ಮುಗಿಸದೆ ಮನೆಯದಕ್ಕೆ ಕೈ ಹಾಕಿದರೆ ಡಾಕ್ಟರುಗಳು ಏನಂದಾರು, ಮೈಕಿನಲ್ಲಿ ಕೂಗಿ ಅವಳು ಯಾವ ರಾಜ್ಯ ಗೆದ್ದಿದ್ದಾಳೆ, ಸಾಮಾನಿನ ಕೋಣೆಯಲ್ಲಿ ನೆರಳಾದರೂ ಇದೆಯಲ್ಲ, ಎಂದೆಲ್ಲ ಹೇಳಿದ.

ಅವಳು ಬಾಯಿಂದ ಸೆಟ್ಟು ತೆಗೆದು ಅವನ ಮೇಜಿನ ಮೇಲೆ, ಬೆಕ್ಕಿನ ಪಕ್ಕದಲ್ಲಿಟ್ಟಳು. ಕೆಳಗಿನ ಬೀದಿಯ ಕುಳ್ಳನ ಹತ್ತಿರ ಕಟ್ಟಿಸಿಕೊಳ್ಳುತ್ತೇನೆ ಎಂದಳು. ಆ ಕುಳ್ಳನೂ ಹಲ್ಲು ಕಟ್ಟುವವನೇ, ಇವನಿಗೆ ಕಂಡರಾಗದವನು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವನಾ? ಕುದುರೆಗೂ ಅದೇ ಹಲ್ಲು, ಮನುಷ್ಯರಿಗೂ ಅದೇ ಹಲ್ಲು ಕಟ್ತಾನೆ ಅವನು. ನಿನ್ನ ಬಾಯಿ ಬಗ್ಗೆ ಅವನಿಗೇನು ಗೊತ್ತು?"

"ಏನೂ ಗೊತ್ತಿಲ್ಲ," ಎಂದಳು. ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗೆ ಬಂತು, ಆದರೆ ಒಂದೂ ತಪ್ಪಲಿಲ್ಲ. "ಹೊರಗಿನವಳಿಗೆ ಕಟ್ಟೋ ಹಾಗೆ ಕಟ್ತಾನೆ. ನನಗೆ ಅಷ್ಟು ಸಾಕು."

ಒಳಗೆ ಹೋಗಿ ಎರಡು ಜೊತೆ ಬಟ್ಟೆ, ನಿಲ್ದಾಣದ ಗುರುತಿನ ಚೀಟಿ, ಬಾಚಣಿಗೆ ಚೀಲಕ್ಕೆ ತುಂಬಿದಳು. ತಂಗಿಗೆ ಫೋನ್ ಮಾಡಿ, ಬರುತ್ತಿದ್ದೇನೆ, ಗಂಜಿಯಂಥದೇನಾದರೂ ಮಾಡಿಡು ಎಂದಳು. ಕೆಲಸದ ಕೋಣೆಯಲ್ಲಿ ಯಂತ್ರ ಮತ್ತೆ ಶುರುವಾಗಿತ್ತು. ಸಿಟ್ಟು ಇಳಿದ ಮೇಲೆ ತಾನಾಗೇ ಬರ್ತಾಳೆ ಬಿಡು ಎಂದು ಅವನು ಬೆಕ್ಕಿಗೆ ಹೇಳುತ್ತಿದ್ದುದು ಆ ಸದ್ದಿನಲ್ಲೂ ಅವಳಿಗೆ ಕೇಳಿಸಿತು.

ಡಾಕ್ಟರು ಬಾಗಿಲು ಹಾಕುವ ಮೊದಲು ತಲುಪಬೇಕಿತ್ತು. ಅವಳು ಮೆಟ್ಟಿಲಿಳಿದು, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಬೀಸು ಹೆಜ್ಜೆ ಹಾಕಿದಳು. ಆ ಮನೆಗೆ ಮತ್ತೆ ಬರಲಿಲ್ಲ.